ಕೊನೇ ಬಸ್ಸಿನವರ ಸಿನಿಮಾ

ಹೊಸಪಾಳ್ಯದವರು ಯಾವ ಸಿನಿಮಾವನ್ನೂ ಪೂರ್ತಿ ನೋಡಿದವರಲ್ಲ. ತುರುವೇಕೆರೆಯ ಟಾಕೀಸಿನಲ್ಲಿ ಮ್ಯಾಟಿನಿ ಬಿಡುತ್ತಿದ್ದದ್ದು ಐದೂವರೆಗೆ. ದಬ್ಬೇಘಟ್ಟದ ಮೇಲೆ ಪಾಳ್ಯಕ್ಕೆ ಹೋಗುವ ಕೊನೇ ಬಸ್ಸು ಹೊರಡುತ್ತಿದ್ದದ್ದು ಐದೂಕಾಲಿಗೆ. ಹೀರೋ ಕೊನೆಯ ಹೊಡೆದಾಟಕ್ಕೆ ಅಂಗಿಯ ತೋಳು ಮಡಿಸುವ ಹೊತ್ತಿಗೆ ಪಾಳ್ಯದವರು ಪಂಚೆ ಎತ್ತಿ ಕಟ್ಟಿ ಓಡಬೇಕು. "ಕೊನೇ ಬಸ್ಸಿನೋರು ಹೊಂಟ್ರು, ದಾರಿ ಬುಡ್ರಪ್ಪಾ" ಎಂದು ಗೇಟಿನವನು ಆಡಿಕೊಳ್ಳುತ್ತಿದ್ದ. ಇವರಿಗೇನೂ ಬೇಸರವಿರಲಿಲ್ಲ. ಮಾರನೆಯ ದಿನ ತೋಟದಲ್ಲಿ ಕಾಯಿ ಸುಲಿಯುತ್ತ ಉಳಿದ ಕಥೆಯನ್ನು ತಾವೇ ಮುಗಿಸುತ್ತಿದ್ದರು. ಒಬ್ಬ ಖಳನಾಯಕನನ್ನು ಬಾವಿಗೆ ತಳ್ಳಿದರೆ ಇನ್ನೊಬ್ಬ ಜೈಲಿಗೆ ಕಳಿಸುತ್ತಿದ್ದ. ಮದುವೆಯನ್ನಂತೂ ಎಲ್ಲರೂ ಮಾಡಿಸುತ್ತಿದ್ದರು.

ಉಪದೇಶಿ ದೇವಮಿತ್ರಯ್ಯನವರೂ ಅದೇ ಬಸ್ಸಿನವರು. ಮಿಷನ್ನಿನವರು ಅವರನ್ನು ಪಾಳ್ಯಕ್ಕೆ ಕಳಿಸಿ ಆರು ವರ್ಷವಾಗಿತ್ತು. ಭಾನುವಾರ ಹತ್ತು ಹನ್ನೆರಡು ಮನೆಯವರು ಪ್ರಾರ್ಥನೆಯ ಚಪ್ಪರಕ್ಕೆ ಬರುತ್ತಿದ್ದರು, ಕೂರುತ್ತಿದ್ದರು, ಚೆನ್ನಾಗಿ ತೂಕಡಿಸಿ ಎದ್ದು ಹೋಗುತ್ತಿದ್ದರು. ಉಪದೇಶಿಗಳು ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ಜ್ವರ ಎಂದರೂ ಮೊದಲು ಹೋಗಿ ನಿಲ್ಲುವವರು. ಆದರೆ ಅವರ ಉಪದೇಶ ಮಾತ್ರ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಿತ್ತು. ಅದು ಅವರಿಗೂ ಗೊತ್ತಿತ್ತು, ಗೊತ್ತಿದ್ದುದರಿಂದಲೇ ನೋಯುತ್ತಿದ್ದರು.

ಎಮರ್ಜೆನ್ಸಿ ಕಳೆದ ಮರುವರ್ಷ ಟಾಕೀಸಿಗೊಂದು ಹೊಡೆದಾಟದ ಚಿತ್ರ ಬಂತು. ಐದು ವಾರ ಓಡಿತು. ಪಾಳ್ಯದಲ್ಲಿ ಅದರದೇ ಮಾತು. ನನ್ನೆದುರು ತೂಕಡಿಸುವ ಜನ ಅದ್ಯಾವುದಕ್ಕೆ ಹೀಗೆ ಎಚ್ಚರವಾಗಿದ್ದಾರೆ ನೋಡೋಣ ಎಂದು ಉಪದೇಶಿಗಳೂ ಒಂದು ಶನಿವಾರ ಹೋದರು.

ಕಥೆ ದೊಡ್ಡದೇನಲ್ಲ. ಒಬ್ಬ ತಾಯಿಗೆ ಇಬ್ಬರು ಮಕ್ಕಳು. ಚಿಕ್ಕವನನ್ನು ಒಬ್ಬ ದುಷ್ಟ ಕೊಲ್ಲುತ್ತಾನೆ. ಹೀರೋ, ಅಂದರೆ ದೊಡ್ಡವನು, ಹನ್ನೆರಡು ವರ್ಷ ಆ ಕೊಲೆಗಾರನನ್ನು ಹುಡುಕಿ ಕಡೆಗೆ ಒಂದು ಕಲ್ಲುಕ್ವಾರಿಯಲ್ಲಿ ಕೆಡವಿಕೊಳ್ಳುತ್ತಾನೆ. ಎದೆಯ ಮೇಲೆ ಕಾಲಿಟ್ಟು ಮಚ್ಚು ಎತ್ತುತ್ತಾನೆ. ಆಗ ತಾಯಿ ಓಡಿ ಬಂದು, "ನಿಲ್ಲು ಮಗನೇ!" ಎಂದು ಕೂಗುತ್ತಾಳೆ. ಎತ್ತಿದ ಕೈ ಅಲ್ಲೇ ನಿಲ್ಲುತ್ತದೆ. ಮೆಲ್ಲಗೆ ಕೆಳಗಿಳಿಯುತ್ತದೆ. ಅಷ್ಟು ಹೊತ್ತಿಗೆ ಪಾಳ್ಯದವರು ಎದ್ದರು, ದೇವಮಿತ್ರಯ್ಯನವರೂ ಎದ್ದರು. ಬಸ್ಸಿನಲ್ಲಿ ಇಡೀ ದಾರಿ ಅವರ ಕಣ್ಣು ತುಂಬಿಯೇ ಇತ್ತು. ಆರು ವರ್ಷ ತಾನು ಹೇಳಲಾರದೆ ತಡವರಿಸಿದ್ದನ್ನು ಆ ಇಳಿದ ಕೈ ಒಂದು ಗಳಿಗೆಯಲ್ಲಿ ಹೇಳಿಬಿಟ್ಟಿತ್ತು.

ಮಾರನೆಯ ದಿನ ಅದನ್ನೇ ಹೇಳಿದರು. ಮೊಳೆ ಹೊಡೆದವರನ್ನೇ ಕ್ಷಮಿಸಿದ ಯೇಸುವಿನ ಬಳಿಗೆ ಹೀರೋನನ್ನು ಕರೆತಂದು ನಿಲ್ಲಿಸಿದರು. ಒಬ್ಬರೂ ತೂಕಡಿಸಲಿಲ್ಲ. "ಇನ್ನೊಂದು ಕಿತ ಹೇಳಿ ಅಯ್ನೋರೆ" ಎಂದರು. ಆರು ವರ್ಷದಲ್ಲಿ ಯಾರೂ ಆಡದ ಮಾತು! ನಾಲ್ಕು ಭಾನುವಾರ ಅದೇ ಸಿನಿಮಾ ನಡೆಯಿತು. ಹನ್ನೆರಡು ವರ್ಷದ ಅಲೆದಾಟ ಪಾಪದ ದಾರಿಯಾಯಿತು, ತಾಯಿಯ ಕೂಗು ದೇವರ ಕರೆಯಾಯಿತು. ಮೂರನೆಯ ವಾರಕ್ಕೆ ಮಚ್ಚು ಕಲ್ಲಿನ ಮೇಲೆ ಠಣ್ ಎಂದು ಬಿತ್ತು. ನಾಲ್ಕನೆಯ ವಾರಕ್ಕೆ ಹೀರೋ ಆ ಕೊಲೆಗಾರನನ್ನು ಎಬ್ಬಿಸಿ ನೀರು ಕುಡಿಸಿದ. ಇದ್ಯಾವುದನ್ನೂ ಉಪದೇಶಿಗಳು ನೋಡಿರಲಿಲ್ಲ. ಕಾಯಿ ಸುಲಿಯುವವರ ಹಾಗೆ ತಾವೂ ಕಥೆ ಮುಗಿಸಿದ್ದರು. ವ್ಯತ್ಯಾಸ ಇಷ್ಟೇ: ಅವರು ಹರಟೆಯೆಂದು ಮುಗಿಸುತ್ತಿದ್ದರು, ಇವರು ನೋಡಿದೆನೆಂದೇ ನಂಬಿಬಿಟ್ಟರು.

ಚಪ್ಪರದ ಬಾಗಿಲಲ್ಲಿ ಭೂತಮ್ಮ ಕೂರುತ್ತಿದ್ದಳು. ತೆಂಗಿನ ಗರಿ ಹೆಣೆದು, ಪೊರಕೆ ಕಟ್ಟಿ ಬದುಕುವ ಹೆಂಗಸು. ದೀಕ್ಷಾಸ್ನಾನ ಆಗಿರಲಿಲ್ಲ. ಆದರೂ ಭಾನುವಾರ ತಪ್ಪಿಸುತ್ತಿರಲಿಲ್ಲ. ಅವಳ ಒಬ್ಬನೇ ಮಗ ದುರ್ಗಯ್ಯ ಹಿಂದಿನ ಯುಗಾದಿಯ ಹೊತ್ತಿಗೆ ಊರ ಸಾಹುಕಾರ ಬಸವರಾಜಪ್ಪನ ತೋಟದಲ್ಲಿ, ಕೂಲಿಗೆ ಹೋಗಿದ್ದಾಗ, ಸತ್ತಿದ್ದ. ಬಸವರಾಜಪ್ಪನ ತಮ್ಮ ವೀರಭದ್ರಯ್ಯ ತಾಯಿಯನ್ನು ಸೇರಿಸಿ ಬೈದಾಗ ದುರ್ಗಯ್ಯ ಎದುರು ಮಾತಾಡಿದ. ವೀರಭದ್ರಯ್ಯ ಕಾಯಿ ಸುಲಿಯುವ ಹಾರೆಯನ್ನು ನೆಲದಿಂದ ಕಿತ್ತು ತಲೆಗೆ ಹೊಡೆದ. ಹತ್ತು ಹೆಜ್ಜೆ ದೂರದಲ್ಲಿ ಗರಿ ಆಯುತ್ತಿದ್ದ ಭೂತಮ್ಮ ಒಬ್ಬಳೇ ಅದನ್ನು ಕಂಡವಳು. ಕೇಸು ತುಮಕೂರಿನ ಕೋರ್ಟಿನಲ್ಲಿತ್ತು. ಬಸವರಾಜಪ್ಪನ ಕಡೆಯವರು ನಯದಿಂದ ಹೇಳಿದರು, ಭಯದಿಂದ ಹೇಳಿದರು. "ನೋಡಿದ್ನ ನೋಡ್ದೆ ಅಂತೀನಿ, ಇನ್ನೇನಂದೇನು" ಎಂದಳೇ ಹೊರತು ಅವಳು ಜಗ್ಗಲಿಲ್ಲ.

ನಾಲ್ಕನೆಯ ಭಾನುವಾರ ಎಲ್ಲರೂ ಹೋದ ಮೇಲೆ ಅವಳು ಕೇಳಿದಳು: "ಅಯ್ನೋರೆ, ಬುಟ್ಟ ಮ್ಯಾಲೆ ಆ ಸಿನಿಮಾದೋನ ಎದೆ ಉರಿ ಆರ್ತಾ?"

"ಆರಿತು ಭೂತಮ್ಮ. ಕ್ಷಮಿಸಿದ ಗಳಿಗೆಯಲ್ಲೇ ಆರಿತು."

"ನಂಗೆ ಆರಿಲ್ಲ ಕಣ್ರೀ. ಉಂಡ್ರೂ ಉರಿ, ಮಲಗಿದ್ರೂ ಉರಿ."

"ನೀನೂ ಕ್ಷಮಿಸು."

ಅವಳು ಕೈಯಲ್ಲಿದ್ದ ಕಡ್ಡಿಯನ್ನು ಮುರಿದಳು. "ಕೋರ್ಟ್ನಾಗೆ ಹೆಂಗೆ ಕ್ಷಮಿಸೋದು? ಅಲ್ಲಿ ಅದಕ್ಕೇನಂತ ಹೇಳ್ಬೇಕು?"

ಕ್ಷಮಿಸುವುದು ಬೇರೆ, ಕಂಡದ್ದನ್ನು ಮುಚ್ಚುವುದು ಬೇರೆ. ಮನಸ್ಸಿನಲ್ಲಿ ಬಿಟ್ಟುಕೊಡು, ಬಾಯಲ್ಲಿ ನಿಜ ಹೇಳು. ಈ ಉತ್ತರ ದೇವಮಿತ್ರಯ್ಯನವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಮಗನ ಕೊಲೆಗಾರನನ್ನು ಕ್ಷಮಿಸಿದ ತಾಯಿ ತನ್ನ ಚಪ್ಪರದಲ್ಲೇ ಇದ್ದಾಳೆಂಬ ಹೆಮ್ಮೆ ಆಗಲೇ ತಲೆಗೇರಿತ್ತು. "ಆ ಹೊತ್ತಿಗೆ ದೇವರೇ ಮಾತು ಕೊಡ್ತಾನೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ತುಮಕೂರಿನಲ್ಲಿ ಭೂತಮ್ಮ, "ನಾನು ನೋಡ್ಲಿಲ್ಲ ಸ್ವಾಮಿ" ಎಂದಳು. ಜಡ್ಜು ಎರಡು ಸಲ ಕೇಳಿದರು. ಎರಡು ಸಲವೂ ಅದನ್ನೇ ಹೇಳಿದಳು. ಕೆಲವು ದಿನ ಕಳೆದು ವೀರಭದ್ರಯ್ಯ ಬಿಡುಗಡೆಯಾಗಿ ಐದೂಕಾಲರ ಬಸ್ಸಿನಲ್ಲೇ ಮುಂದಿನ ಸೀಟಿನಲ್ಲಿ ಕೂತು ಊರಿಗೆ ಬಂದ. ಮರುವಾರ ಬಸವರಾಜಪ್ಪ ಪ್ರಾರ್ಥನೆಯ ಚಪ್ಪರಕ್ಕೆಂದು ಒಂದು ಗಾಡಿ ತೆಂಗಿನ ಗರಿ ಕಳಿಸಿದ. ಉಪದೇಶಿಗಳು ಇಳಿಸಿಕೊಂಡರು. ಹಳೆಯ ಚಪ್ಪರ ಸೋರುತ್ತಿತ್ತು ಎಂದು ತಮಗೆ ತಾವೇ ಹೇಳಿಕೊಂಡರು. ಗರಿ ಹೆಣೆದವಳು ಭೂತಮ್ಮನೇ.

ಮುಂದಿನ ಸಂಕ್ರಾಂತಿಗೆ ಅದೇ ಚಿತ್ರ ಟಾಕೀಸಿಗೆ ಮತ್ತೆ ಬಂತು. ಒಂದು ಭಾನುವಾರ ಪ್ರಾರ್ಥನೆ ಮುಗಿದು ಜನ ಚದುರಿದ ಮೇಲೂ ಭೂತಮ್ಮ ಬಾಗಿಲಲ್ಲಿ ಕೂತೇ ಇದ್ದಳು.

"ನಿನ್ನೆ ಸಿನಿಮಾಕ್ಕೆ ಹೋಗಿದ್ದೆ ಅಯ್ನೋರೆ. ಕೊನೇ ಬಸ್ಸು ಬುಟ್ಟುಬುಟ್ಟು ಕೂತಿದ್ದೆ. ಬಸ್ ಸ್ಟ್ಯಾಂಡ್ ಕಟ್ಟೆ ಮ್ಯಾಗೇ ಬೆಳಗು ಮಾಡ್ಕಂಡು ಮೊದಲ್ನೇ ಬಸ್ಗೆ ಬಂದೆ."

"ನೀನಾ? ಸಿನಿಮಾಕ್ಕಾ?"

"ಕ್ಷಮಿಸಿದ ಮ್ಯಾಲೆ ಅವನ ಮುಖ ಹೆಂಗೈತೆ ನೋಡಾನ ಅಂತ. ನಂಗಿನ್ನೂ ಉರಿ ಆರಿಲ್ವಲ್ಲ. ನಾನೇ ಎಲ್ಲೋ ತಪ್ಪು ಮಾಡಿದೀನಿ, ಅವನು ಹೆಂಗೆ ಮಾಡ್ದ ಅಂತ ಕಲ್ತ್ಕಂಡು ಬರಾನ ಅಂತ ಹೋದೆ."

ದೇವಮಿತ್ರಯ್ಯನವರು ಅವಳ ಕಡೆ ತಿರುಗಿದರು. "ಹೇಗಿತ್ತು?" ಎಂದರು.

"ಅವ್ವ ನಿಲ್ಲು ಅಂದಿದ್ದು ಬುಡು ಅಂತ ಅಲ್ಲ ಕಣ್ರೀ. ಮಚ್ಚು ಇತ್ತಾಗಿ ಕೊಡು ಅಂತ. ಹೆತ್ತೋಳು ನಾನು, ನಾನು ಕಡೀತೀನಿ ಅಂದ್ಲು. ಇಸ್ಕಂಡ್ಲು. ಅವಳೇ ಕಡಿದ್ಲು." ಭೂತಮ್ಮನ ದನಿ ಏರಲಿಲ್ಲ. "ಟಾಕೀಸೆಲ್ಲ ಎದ್ದು ಶಿಳ್ಳೆ ಹೊಡೀತು. ನಾನೂ ಎದ್ದು ನಿಂತೆ. ನಿಂತ್ಕಂಡು ನನ್ನ ಕೈ ನೋಡ್ಕಂಡೆ."

ನೀರು ಕುಡಿಸಿದ್ದು ಎಲ್ಲಿ ಹೋಯಿತು, ಠಣ್ ಎಂದು ಬಿದ್ದ ಮಚ್ಚು ಎಲ್ಲಿ ಹೋಯಿತು? ದೇವಮಿತ್ರಯ್ಯನವರಿಗೆ ನೆಲ ಬಿರಿದರೆ ಸಾಕೆನ್ನಿಸಿತು. "ಭೂತಮ್ಮ, ನಾನು ಕೊನೆ ನೋಡಿರಲಿಲ್ಲ" ಎಂದರು. "ಬಸ್ಸಿಗೆ ಎದ್ದು ಬಂದಿದ್ದೆ."

"ಗೊತ್ತಾಯ್ತು ಬುಡಿ. ನಮ್ಮೂರೋರು ಎಲ್ಲಾರೂ ಅಂಗೇ ಅಲ್ವಾ." ಆ ಮಾತಿನಲ್ಲಿ ಕೊಂಕು ಇದ್ದಿದ್ದರೆ ಅವರು ಹೇಗೋ ತಡೆದುಕೊಳ್ಳುತ್ತಿದ್ದರು. ಕೊಂಕಿರಲಿಲ್ಲ. "ಸಿನಿಮಾ ಸುಳ್ಳಿನ ಕತೆ. ಅದು ಹಾಳಾಗ್ಲಿ. ನಿಮ್ಮ ಪುಸ್ತಕನಾದ್ರೂ ಕೊನೇಗಂಟ ಓದಿದ್ದೀರಾ ಅಯ್ನೋರೆ?"

"ಓದಿದ್ದೀನಿ."

"ಶಿಲುಬೆ ತಾವ ಅವನ ಅವ್ವನೂ ಇದ್ಲು ಅಂತ ಒಂದು ಕಿತ ಹೇಳಿದ್ರಿ. ಮಗ ಕ್ಷಮಿಸ್ದ, ಸರಿ. ಹೋಗ್ತಿದ್ದದ್ದು ಅವನ ಜೀವ, ಅವನು ಬುಟ್ಟುಕೊಟ್ಟ. ಅವ್ವ ಏನಂದ್ಲು?"

ಅವರಿಗೆ ಉತ್ತರ ಗೊತ್ತಿತ್ತು. ಆದರೂ ಪುಸ್ತಕ ತೆರೆದರು. ನಾಲ್ಕೂ ಸುವಾರ್ತೆಗಳಲ್ಲಿ ಶಿಲುಬೆಯ ಪುಟಗಳನ್ನು ಹುಡುಕಿದರು. ಒಂದರಲ್ಲಿ, ತಾಯಿ ಹತ್ತಿರ ನಿಂತಿದ್ದಳು ಎಂದಿತ್ತು. ಅವಳ ಬಾಯಿಂದ ಒಂದು ಮಾತನ್ನೂ ಬರೆದಿರಲಿಲ್ಲ.

"ಏನೂ ಅನ್ನಲಿಲ್ಲ ಭೂತಮ್ಮ. ನಿಂತಿದ್ದಳು ಅಷ್ಟೇ."

"ಕ್ಷಮಿಸು ಅಂತ ಅವಳ್ನ ಯಾರೂ ಕೇಳ್ಲಿಲ್ವಾ?"

"ಇಲ್ಲ. ಯಾರೂ ಕೇಳಲಿಲ್ಲ."

"ಮತ್ತೆ ನನ್ನ ಯಾಕೆ ಕೇಳಿದ್ರಿ?"

ಅವಳು ಜಗಳಕ್ಕೆ ಕೇಳಿದ್ದಲ್ಲ. ಇವರು ಓದಿದವರು, ಉತ್ತರ ಇರಬಹುದು ಎಂದು ಅವರ ಮುಖವನ್ನೇ ನೋಡುತ್ತ ಕಾದಳು. ದೇವಮಿತ್ರಯ್ಯನವರು ಬಾಯಿ ತೆರೆದರು. ಬಂದದ್ದು ಅಳು. ತಮ್ಮ ತಂದೆ ಸತ್ತಾಗಲೂ ಅವರು ಹಾಗೆ ಅತ್ತಿರಲಿಲ್ಲ.

ಭೂತಮ್ಮ ಎದ್ದಳು. ಬಾಗಿಲ ಮೇಲೆ ಒಂದು ಗರಿ ಜಾರಿ ಜೋತಾಡುತ್ತಿತ್ತು. ಕೈ ಎತ್ತಿ ಅದನ್ನು ಒಳಕ್ಕೆ ಸಿಕ್ಕಿಸಿ, "ಬತ್ತೀನಿ ಅಯ್ನೋರೆ" ಎಂದು ಹೇಳಿ ಹೋದಳು.