ಕತ್ತರಿಸಿ ತೆಗೆದ ಭಾಗ

"ಇದೇನೇ ಇದು, ಮೇಜಿನ ಮೇಲೆ ಕಾದ ಹಂಚು ಇಟ್ಟ ಹಾಗಿದೆ!" ಲ್ಯಾಪ್‌ಟಾಪಿಗೆ ಕೈ ತಗಲಿಸಿಕೊಂಡ ಅಮ್ಮ ಬೆರಳು ಊದಿಕೊಂಡಳು.

ಮಗಳು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಫ್ರೇಮು ಕೂರಿಸುವ ಹುಡುಗಿ, ಸಂಜೆಯಾದರೆ ಹೆಣ್ಣುಮಕ್ಕಳ ಗೇಮಿಂಗ್ ತಂಡವೊಂದರ ಕೊನೆಯ ಕಾವಲು. ತಂಡದವರು ಅವಳನ್ನು ಕರೆಯುವುದೇ "ಗೋಡೆ" ಎಂದು. ಅವಳನ್ನು ದಾಟಿ ಎದುರಾಳಿ ಒಳಗೆ ಬರುವುದು ಅಷ್ಟು ಸುಲಭವಿರಲಿಲ್ಲ. ಈ ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಮಾತ್ರ ಗೋಡೆ ಬಿರುಕು ಬಿಟ್ಟಿತ್ತು.

ಶುರುವಿನಲ್ಲಿ ಆಟ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗುತ್ತಿತ್ತು. ಪಂದ್ಯ ಕಾವೇರುವ ಹೊತ್ತಿಗೆ ಏನೋ ಎಡವಟ್ಟು. ಇವಳು ಗುಂಡಿ ಒತ್ತುವುದಕ್ಕೂ ಅಲ್ಲಿ ಗುಂಡು ಹಾರುವುದಕ್ಕೂ ನಡುವೆ ಚೂರೇ ಚೂರು ತಡ. ಅಷ್ಟರಲ್ಲಿ ಎದುರಾಳಿ ಹೊಡೆದು ಮುಗಿಸಿರುತ್ತಿದ್ದಳು.

ಇವತ್ತೂ ಅದೇ ಆಯಿತು. ತಂಡದ ನಾಯಕಿ ಫೋನ್ ಮಾಡಿದಳು.

"ಬೇಜಾರು ಮಾಡ್ಕೋಬೇಡ ಗೋಡೆ. ಭಾನುವಾರದ ಪಂದ್ಯ ನೋಡ್ತೀನಿ. ಅಲ್ಲೂ ಹೀಗೇ ಆದ್ರೆ ಬೇರೆಯವರನ್ನ ಹಾಕ್ಕೋಬೇಕಾಗುತ್ತೆ. ನಿನ್ನ ಕೈ ಮೊದಲಿನ ಹಾಗಿಲ್ಲ."

ಫೋನಿಟ್ಟು ಅವಳು ತನ್ನ ಕೈಗಳನ್ನೇ ನೋಡುತ್ತ ಕುಳಿತಳು. ಮಷೀನನ್ನು ಅನುಮಾನಿಸೋಣವೆಂದರೆ, ಇದನ್ನು ಕೊಳ್ಳು ಎಂದವನು ಬೇರೆ ಯಾರೋ ಅಲ್ಲ, ಒಡಹುಟ್ಟಿದ ಅಣ್ಣ. ಗ್ಯಾಜೆಟ್ಟುಗಳ ವಿಮರ್ಶೆ ಮಾಡುವುದೇ ಅವನ ಕಸುಬು. "ನಮ್ಮಲ್ಲಿ ಮುಚ್ಚುಮರೆ ಇಲ್ಲ" ಎಂದು ಎದೆ ತಟ್ಟಿಕೊಂಡೇ ಪ್ರತಿ ವಿಡಿಯೊ ಶುರು ಮಾಡುವವನು. ಆ ವಿಡಿಯೊಗಳಲ್ಲಿ ಆಟ ಆಡುವ ಕೈಗಳು ತಂಗಿಯವೇ. ಮುಖ ಕಾಣುವುದಿಲ್ಲ, ಕೈ ಮಾತ್ರ. ಇದೇ ಮಾಡೆಲ್ಲಿನ ಮೇಲೆ ಅಣ್ಣನ ಮನೆಯಲ್ಲಿ ಅವಳೇ ಆಡಿದ್ದಳು, ಅಲ್ಲಿ ಒಂದು ಸಲವೂ ತಡವರಿಸಿರಲಿಲ್ಲ. ಆಗಾಗ ಅವನು, "ಸಾಕು ಬಿಡು, ಇದಕ್ಕೆ ರೆಸ್ಟ್ ಕೊಡೋಣ, ಇನ್ನೊಂದು ತಗೋ" ಎಂದು ಅದೇ ಮಾಡೆಲ್ಲಿನ ಎರಡನೇ ಮಷೀನು ಎದುರಿಗಿಡುತ್ತಿದ್ದ. ಕಂಪನಿಯವರ ಸಾಮಾನು, ಜೋಪಾನ ಮಾಡುತ್ತಾನೆ ಪಾಪ, ಎಂದುಕೊಂಡಿದ್ದಳು ಪೆದ್ದಿ!

ಹೋದ ವಾರ ಸೋತು ಅಳುತ್ತ ಅವನಿಗೇ ಫೋನ್ ಮಾಡಿದ್ದಳು. "ಮಷೀನಂತೂ ಬೆಂಕಿ ಕಣೇ. ನಿನಗೆ ಪ್ರಾಕ್ಟೀಸ್ ಕಮ್ಮಿ ಆಯ್ತೇನೋ" ಎಂದಿದ್ದ ಅಣ್ಣ. ಅಂದಿನಿಂದ ಅವಳು ಊಟ ನಿದ್ದೆ ಬಿಟ್ಟು ಅಭ್ಯಾಸ ಮಾಡುತ್ತಿದ್ದಳು.

ಶನಿವಾರ ಅಂಗಡಿ ಮುಗಿಸಿ ಅಣ್ಣನ ಮನೆಗೆ ಹೋದಳು. ಅದೇ ಕಂಪನಿಯ ಇನ್ನೂ ತೆಳ್ಳಗಿನ ಲ್ಯಾಪ್‌ಟಾಪಿನ ನೇರಪ್ರಸಾರ ಅವತ್ತು, ಅವಳ ಕೈ ಬೇಕಿತ್ತು. ಅಣ್ಣ ಸ್ನಾನಕ್ಕೆ ಹೋಗಿದ್ದ. ವಿಡಿಯೊಗಳನ್ನು ಎಡಿಟ್ ಮಾಡುವ ಅತ್ತಿಗೆ ಕಂಪ್ಯೂಟರ್ ಮುಂದಿದ್ದರು.

"ಅತ್ತಿಗೆ, ನಂದು ಸ್ವಲ್ಪ ನೋಡ್ತೀರಾ? ಆಡ್ತಾ ಆಡ್ತಾ ತುಂಬ ಕಾಯುತ್ತೆ."

"ಕಾಯದೆ ಏನು ಮಾಡುತ್ತೆ? ಅಷ್ಟು ತೆಳ್ಳಗಿದ್ರೆ ಒಳಗೆ ಗಾಳಿ ಎಲ್ಲಿ ಆಡ್ಬೇಕು? ಕಾದ ಮೇಲೆ ಸುಟ್ಟು ಹೋಗದೆ ಇರೋಕೆ ತಾನೇ ವೇಗ ಇಳಿಸ್ಕೊಳುತ್ತೆ. ಅರ್ಧಕ್ಕರ್ಧ ಇಳಿಯುತ್ತಪ್ಪ. ನಿಮ್ಮಣ್ಣ ಹೇಳ್ಲಿಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅತ್ತಿಗೆ ಅದೇ ಮಾಡೆಲ್ಲಿನ ಹಳೆಯ ಚಿತ್ರೀಕರಣ ತೆರೆದು ತೋರಿಸಿದರು. ತಂಗಿ ಎದ್ದುಹೋದ ಮೇಲೆ ಅಣ್ಣ ಒಬ್ಬನೇ ಕೂತು ಬಹಳ ಹೊತ್ತು ಪರೀಕ್ಷೆ ಮಾಡಿದ್ದ. ಮೂಲೆಯಲ್ಲಿ ವೇಗದ ಅಂಕಿ ಜಾರುತ್ತ ಜಾರುತ್ತ ಅರ್ಧಕ್ಕೆ ಇಳಿದಿತ್ತು. "ಇದನ್ನ ತೆಗೆದುಬಿಡು" ಎಂಬ ಅವನ ಧ್ವನಿಯೂ ಅದರಲ್ಲೇ ಇತ್ತು.

"ನಿನಗೆ ಗೊತ್ತಿದ್ದೇ ತಗೊಂಡೆ ಅನ್ಕೊಂಡಿದ್ದೆ ಕಣೇ" ಎಂದರು ಅತ್ತಿಗೆ, ಮುಖ ಸಪ್ಪಗೆ ಮಾಡಿಕೊಂಡು.

ತಲೆ ಒರೆಸಿಕೊಳ್ಳುತ್ತ ಬಂದ ಅಣ್ಣನಿಗೆ ಪರದೆ ನೋಡಿದ ಕೂಡಲೇ ಎಲ್ಲ ಅರ್ಥವಾಯಿತು.

"ನೋಡು, ನಾನು ಸುಳ್ಳಂತೂ ಹೇಳಿಲ್ಲ. ತೋರ್ಸಿದ್ದೆಲ್ಲ ನಿಜಾನೇ."

"ತೋರಿಸದೆ ಇದ್ದದ್ದು?"

"ಅದನ್ನ ತೋರ್ಸಿದ್ರೆ ಮುಂದಿನ ಮಷೀನ್ ಕಳಿಸೋರು ಯಾರು? ಮನೆ ನಡೀಬೇಡ್ವಾ? ಅಷ್ಟಕ್ಕೂ ಅಷ್ಟೊತ್ತು ಯಾರು ಆಡ್ತಾರೆ ಹೇಳು?"

"ನಾನು ಆಡ್ತೀನಿ! ನಾನು ಆಡೋದು ನಿನಗೆ ಗೊತ್ತಿರ್ಲಿಲ್ವಾ?" ಅವಳು ಪರದೆಯತ್ತ ಕೈ ತೋರಿಸಿದಳು. "ಹೋಗ್ಲಿ, ಊರವರಿಗೆ ಟೋಪಿ ಹಾಕಿದೆ. ನಾನು ಅತ್ತಾಗಲೂ ಬಾಯಿ ಬಿಡ್ಲಿಲ್ವಲ್ಲೋ! ನನ್ನ ಕೈಗೇ ಏನೋ ಆಗಿದೆ ಅಂತ ನಂಬ್ಕೊಂಡು ಬೆರಳು ನೋಯೋ ಹಾಗೆ ಆಡ್ತಿದ್ದೆ."

ಅಣ್ಣ ಗಡಿಯಾರ ನೋಡಿದ. "ಇವತ್ತೊಂದು ದಿನ ಆಡ್ಕೊಡು. ಆಮೇಲೆ ಕೂತು ಮಾತಾಡೋಣ."

ಎದ್ದುಹೋಗುತ್ತಾಳೆ ಎಂದುಕೊಂಡರು ಅತ್ತಿಗೆ. ಅವಳು ಮಾತ್ರ ಕುರ್ಚಿ ಎಳೆದುಕೊಂಡು ಕುಳಿತಳು.

ಪ್ರಸಾರ ಶುರುವಾಯಿತು, ಕಂಪ್ಯೂಟರಿನಲ್ಲಿ ಅದನ್ನು ನಡೆಸುತ್ತಿದ್ದವರು ಅತ್ತಿಗೆ. ಅಣ್ಣ ಎಂದಿನಂತೆ ಅರಳು ಹುರಿದ ಹಾಗೆ ಮಾತಾಡಿದ. ಕೈಗಳು ಆಡಿದವು, ನೋಡುವವರು ಭೇಷ್ ಎಂದರು. ಅವನು ಮೆಲ್ಲಗೆ, "ಸಾಕು ಬಿಡು" ಎಂದ. ಅವಳು ಬಿಡಲಿಲ್ಲ. ಮೇಜಿನ ಕೆಳಗೆ ಕಾಲು ಒತ್ತಿದ, ಅದಕ್ಕೂ ಬಗ್ಗಲಿಲ್ಲ. ಲ್ಯಾಪ್‌ಟಾಪಿನ ಫ್ಯಾನು ಕಿರುಗುಟ್ಟಿತು, ಅಂಗೈ ಬೆವರಿತು, ನೋಡುಗರಿಗೆ ಕಾಣದ ವೇಗದ ಅಂಕಿ ಇಳಿಯತೊಡಗಿತು. ಎದುರಾಳಿಗಳು ಅವಳನ್ನು ಒಂದರ ಮೇಲೊಂದು ಸಲ ಹೊಡೆದುರುಳಿಸಿದರು. "ಆಡ್ತಿರೋರಿಗೆ ಆಟವೇ ಬರಲ್ಲ", "ಇವರನ್ನ ಎಲ್ಲಿಂದ ಹಿಡ್ಕೊಂಡು ಬಂದ್ರಿ" ಎಂದು ನೋಡುಗರ ಬರಹ ಸಾಲುಗಟ್ಟಿತು.

ಅವಳು ತಲೆಯೆತ್ತಿ ಅಣ್ಣನನ್ನು ನೋಡಿದಳು. ಈಗಲಾದರೂ ಹೇಳುತ್ತಾನೆ ಎಂಬ ಆಸೆ, ಏನೇ ಆದರೂ ಅಣ್ಣನಲ್ಲವೇ.

ಅಣ್ಣ ಕ್ಯಾಮೆರಾಗೆ ಹಲ್ಲು ಕಿರಿದ. "ನಮ್ಮ ಆಟಗಾರ್ತಿಗೆ ಇವತ್ತು ಯಾಕೋ ಮೈ ಹುಷಾರಿಲ್ಲ. ಮಷೀನ್ ಮಾತ್ರ ಅದ್ಭುತ..."

ಅವಳು ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕಣ್ಣೀರು ಬಳಬಳನೆ ಇಳಿಯಿತು. ಒಮ್ಮೆ ಕೈ ಕೊಟ್ಟವನು ಎರಡನೇ ಸಲವೂ ಕೊಟ್ಟ, ಅದೂ ಸಾವಿರಾರು ಜನರೆದುರು, ಅವಳು ಪಕ್ಕದಲ್ಲೇ ಕೂತಿರುವಾಗ.

ಅತ್ತಿಗೆ ಅದನ್ನು ನೋಡಿದರು. ಇಷ್ಟು ವರ್ಷ ಗಂಡ ಎಲ್ಲಿ ಕತ್ತರಿಸು ಎಂದನೋ ಅಲ್ಲಿ ಕತ್ತರಿಸಿದವರು. ಈಗ ಯಾರೂ ಹೇಳದೆ ಮೌಸಿನತ್ತ ಕೈ ಚಾಚಿ, ತೆಗೆದುಹಾಕಿದ್ದ ಹಳೆಯ ಭಾಗವನ್ನು ಹಾಗೇ ಪ್ರಸಾರಕ್ಕೆ ಬಿಟ್ಟರು. ಒಂಟಿಯಾಗಿ ಕೂತ ಅಣ್ಣ, ಜಾರುವ ಅಂಕಿ, "ಇದನ್ನ ತೆಗೆದುಬಿಡು" ಎಂಬ ಮಾತು, ಎಲ್ಲವೂ ಹೋಯಿತು.

"ಏನೇ ಮಾಡ್ತಿದೀಯ!" ಎಂದ ಗಂಡ ಉಸಿರಲ್ಲೇ. ಅತ್ತಿಗೆ ಮೌಸ್ ಮೇಲಿನ ಕೈ ತೆಗೆಯಲಿಲ್ಲ. "ನೀವೇ ಹೇಳ್ತೀರೇನೋ ಅಂತ ಕಾದೆ ರೀ" ಎಂದರು ಅಷ್ಟೇ.

ಬರಹಗಳ ಸಾಲು ಗಕ್ಕನೆ ನಿಂತಿತು. ಆಮೇಲೆ ಯಾರೋ ಕೇಳಿದರು: ಇದು ನಿಮಗೆ ಗೊತ್ತಿತ್ತಾ?

ಪ್ರಸಾರ ನಿಲ್ಲಿಸುವ ಗುಂಡಿ ಅಣ್ಣನ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅವನು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಗೊತ್ತಿತ್ತು" ಎಂದ ಕ್ಯಾಮೆರಾಗೆ. ಆಮೇಲೆ ಕುರ್ಚಿ ತಿರುಗಿಸಿ ತಂಗಿಯ ಕಡೆ ನೋಡಿದ. "ನಿನ್ನ ಕೈಯಲ್ಲಿ ಏನೂ ತಪ್ಪಿರ್ಲಿಲ್ಲ ಕಣೇ. ನೀನು ಫೋನ್ ಮಾಡಿ ಅತ್ತಿದ್ಯಲ್ಲ, ಅವತ್ತೂ ನಂಗೆ ಗೊತ್ತಿತ್ತು."

ಈ ಮಾತು ಕೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ, ಇನ್ನಷ್ಟು ಉರಿಯಿತು.

"ಅವತ್ತೇ ಹೇಳ್ಬೇಕಿತ್ತು ಕಣೋ" ಎಂದು ಎದ್ದು, ಅತ್ತಿಗೆಯ ಭುಜ ಮುಟ್ಟಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟಳು.