ಕಟ್ ಹೇಳುವ ತನಕ

ನೋಡಲೇಬೇಕಾದ ಅಳು ಸಿನಿಮಾ ಯಾವುದೆಂದು ಯಾರನ್ನೇ ಕೇಳಿ, ಈ ನಿರ್ದೇಶಕನ ಚಿತ್ರದ ಹೆಸರೇ ಮೊದಲು ಬರುತ್ತಿತ್ತು. ಕಲ್ಲೆದೆಯವರೂ ಕರ್ಚೀಫು ಹಿಂಡಿಕೊಂಡು ಹೊರಗೆ ಬರುತ್ತಿದ್ದರು. ಎಲ್ಲ ಒಂದೇ ದೃಶ್ಯದ ಮಹಿಮೆ: ಸತ್ತ ತಾಯಿಯ ಮಂಚದ ಪಕ್ಕ ನಿಂತು ಪುಟ್ಟ ಹುಡುಗಿಯೊಬ್ಬಳು ಅಳುವುದು. ಆ ಹುಡುಗಿ ಅವನ ಸ್ವಂತ ಮಗಳು.

ಹುಟ್ಟಿದಾಗಿನಿಂದ ಕುಯ್ಯೋ ಅನ್ನುತ್ತಿದ್ದವಳಿಗೆ ಪಿಟೀಲು ಎಂದು ಅಡ್ಡಹೆಸರಿಟ್ಟಿದ್ದು ಅವಳಮ್ಮ. ಅಂಥ ಪಿಟೀಲು ಸೆಟ್ಟಿನಲ್ಲಿ ಮಾತ್ರ ಜಪ್ಪಯ್ಯ ಅಂದರೂ ಅಳಲಿಲ್ಲ. ಉಸಿರು ಬಿಗಿಹಿಡಿದು ಹೆಣವಾಗಿ ಮಲಗಿದ್ದ ನಟಿ ಬೆಳಿಗ್ಗೆಯಷ್ಟೇ ಬಿಸ್ಕತ್ತು ಕೊಟ್ಟಿದ್ದಳು. ಅವಳನ್ನು ನೋಡಿದರೆ ಮಗುವಿಗೆ ನಗು. ಗ್ಲಿಸರಿನ್ ಹಾಕಿದರೆ ಕಣ್ಣು ಕೆಂಪಾಯಿತೇ ಹೊರತು ಮುಖ ಅಳಲಿಲ್ಲ. ಕೊನೆಗೆ ನಿರ್ದೇಶಕ ಮಗಳನ್ನು ಪಕ್ಕಕ್ಕೆ ಕರೆದು, ತಾನೇ ಕಣ್ಣಲ್ಲಿ ನೀರು ತಂದುಕೊಂಡು, "ಅಮ್ಮ ಹೋಗ್ಬಿಟ್ಲು ಪುಟ್ಟಾ" ಎಂದ. ಆಮೇಲೆ ಕ್ಯಾಮೆರಾ ಓಡಿಸಿದ.

ಅವನು ಕಟ್ ಅಂದದ್ದೇ ತಡ, ನಟಿ ಉಸಿರು ಬಿಟ್ಟು ಎದ್ದು ಕೂತಳು. ಊಟದ ಡಬ್ಬಿ ಹಿಡಿದು ಅಮ್ಮನೂ ಬಾಗಿಲಲ್ಲಿ ಕಾಣಿಸಿಕೊಂಡಳು. ವಿಷಯ ತಿಳಿದ ಹೆಂಡತಿ ತಿಂಗಳುಗಟ್ಟಲೆ ಅವನ ಜೊತೆ ಮಾತು ಬಿಟ್ಟಳು. ಉಳಿದವರು ಅದನ್ನು ಜಾಣತನವೆಂದು ಹೊಗಳಿದರು. ಗೆದ್ದೆತ್ತಿನ ಬಾಲ ಹಿಡಿಯದವರು ಯಾರು?

ಈಗ ಆ ಹೆಂಡತಿ ಆಸ್ಪತ್ರೆಯ ಮಂಚದ ಮೇಲಿದ್ದಳು. ರಕ್ತಕ್ಕೆ ನಂಜೇರಿತ್ತು. ಸಂಜೆ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ಅವಳಿಗೂ ಕೇಳಿಸಿತ್ತು.

"ಪಿಟೀಲನ್ನ ಕರ್ಕೊಂಡ್ ಬನ್ನಿ, ನಾನು ಕಣ್ಣು ಬಿಟ್ಟಿರೋವಾಗ್ಲೇ" ಎಂದಳು. "ಹೆದರಿಸ್ಬೇಡಿ. ನಗ್ತಾ ಬರ್ಲಿ."

ಮಗಳು ಚಿಕ್ಕಮ್ಮನ ಮನೆಯಲ್ಲಿದ್ದಳು. ಅವನು ಏದುಸಿರು ಬಿಡುತ್ತ ಹೋಗಿ, ಅಮ್ಮ ಕರೀತಿದ್ದಾಳೆ, ಬೇಗ ಹೊರಡು ಎಂದ. ಅಷ್ಟೇ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ. ಆದರೆ ಹಾಳು ಕಣ್ಣು ಕೇಳಬೇಕಲ್ಲ, ತುಂಬಿಕೊಂಡಿತು. ಮಗಳು ಆ ಮುಖವನ್ನು ಮೊದಲೂ ನೋಡಿದ್ದಳು.

"ಗೊತ್ತಾಯ್ತು, ಮತ್ತೆ ಶೂಟಿಂಗು" ಎಂದು ಚಪ್ಪಾಳೆ ತಟ್ಟಿದಳು. ಹೋದ ಸಲದ ಹಾಗೆಯೇ ಎರಡು ಜಡೆ ಇರಬೇಕು, ಇಲ್ಲದಿದ್ದರೆ ಕಂಟಿನ್ಯುಟಿ ಕೆಡುತ್ತದೆ ಎಂದು ಬಾಚಣಿಗೆ ತಂದು ಚಿಕ್ಕಮ್ಮನ ಮುಂದೆ ಕೂತೇಬಿಟ್ಟಳು. ಎತ್ತಿಕೊಂಡು ಓಡಬಹುದಿತ್ತು. ಆದರೆ ಮಗು ನಗುತ್ತಿತ್ತು, ನಗುತ್ತಲೇ ಬರಲಿ ಎಂದಿದ್ದಳು ಹೆಂಡತಿ. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಎರಡನೇ ಜಡೆಗೆ ಟೇಪು ಕಟ್ಟುವಾಗ ಆಸ್ಪತ್ರೆಯಿಂದ ಫೋನು ಬಂತು.

ಅವನು ಮಗಳ ಮುಂದೆ ಕುಸಿದು ಕೂತ. ಬೇರೆ ಮಾತಿಗಾಗಿ ತಡಕಾಡಿದ, ಸಿಗಲಿಲ್ಲ.

"ಅಮ್ಮ ಹೋಗ್ಬಿಟ್ಲು ಪುಟ್ಟಾ."

"ಅದೇ ಡೈಲಾಗಾ?" ಎಂದಳು ಪಿಟೀಲು, ಸ್ವಲ್ಪ ಬೇಸರದಿಂದ.

ವಾರ್ಡಿನಲ್ಲಿ ಮಂಚದ ಸುತ್ತ ಪರದೆ ಎಳೆದಿದ್ದರು. ಹುಡುಗಿ ಜಡೆಗಳನ್ನು ಮುಂದಕ್ಕೆ ಹಾಕಿಕೊಂಡು ಮಂಚದ ಪಕ್ಕ ನಿಂತಳು. ಅಮ್ಮನ ಮುಖ ನೋಡಿ ತುಟಿ ನಡುಗಿಸಿದಳು. ಅಳು ಚೆನ್ನಾಗಿಯೇ ಬಂತು. ಹೆಣ ನೋಡಿ ನೋಡಿ ಅಭ್ಯಾಸವಾಗಿದ್ದ ನರ್ಸು ಕೂಡ ಕಣ್ಣೊರೆಸಿಕೊಂಡಳು. ನಿರ್ದೇಶಕನಿಗೆ ತಾನೂ ಆ ಮಂಚದ ಮೇಲೆ ಸತ್ತುಹೋಗಿದ್ದರೆ ಸಾಕಿತ್ತು ಅನ್ನಿಸಿತು.

ಎಷ್ಟೋ ಹೊತ್ತಾದ ಮೇಲೆ ಮಗಳು ಅಪ್ಪನ ಅಂಗಿ ಜಗ್ಗಿದಳು.

"ಅಪ್ಪಾ, ಕಟ್ ಹೇಳು. ಪಾಪ, ಅಮ್ಮ ಆಗ್ಲಿಂದ ಉಸಿರು ಬಿಗಿಹಿಡ್ಕೊಂಡಿದ್ದಾಳೆ."

ಆ ಒಂದು ಮಾತಿನಿಂದಲೇ ಇಷ್ಟು ವರ್ಷ ಅನ್ನ ತಿಂದವನು ಹೆಂಡತಿಯ ಹೊದಿಕೆ ಸರಿಪಡಿಸತೊಡಗಿದ. ಅವಳು ಮತ್ತೆ ಜಗ್ಗಿದಳು, ಮತ್ತೂ ಜಗ್ಗಿದಳು. ಕೊನೆಗೆ ಅವನು ಕಟ್ ಎಂದ.

ಪಿಟೀಲು ಕಣ್ಣೊರೆಸಿಕೊಂಡು, ನಗುತ್ತ ಅಮ್ಮನ ಕಡೆ ತಿರುಗಿ ಕಾದಳು.