ಅತಿಥಿಗಳಿಗೆ ತೋರಿಸದ ಕೈಗಳು

"ಚೆಂದದ ಕೈಗಳು," ಎಂದರು ದೆಹಲಿಯಿಂದ ಬಂದಿದ್ದ ಡಾಕ್ಟರ್ ಮಾಥುರ್. ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ ಅಂಗೈಯನ್ನು ಬಿಟ್ಟು ಮುಂದಿನವಳನ್ನು ಕರೆದರು. ಅವಳದ್ದೂ ಹಾಗೆಯೇ ಇತ್ತು. ತೆಂಗಿನೆಣ್ಣೆಯ ಹೊಳಪು, ಅರಸಿನದ ತೆಳು ಬಣ್ಣ, ಚೊಕ್ಕವಾಗಿ ಕತ್ತರಿಸಿದ ಉಗುರು. ಪಕ್ಕದಲ್ಲಿ ನಿಂತಿದ್ದ ಡಾಕ್ಟರ್ ಮನೋರಮಾ ಬಗ್ಗಿ ನೋಡಿದಳು. ಒಂದು ತಿಂಗಳ ಹಿಂದೆ ಅವಳೇ ನೋಡಿದ್ದ ಕೈಗಳು ಇವಲ್ಲ.

ಅದು ಎಪ್ಪತ್ತೊಂಬತ್ತನೆಯ ಇಸವಿಯ ನವೆಂಬರ್. ಕಾರ್ಕಳದಿಂದ ಬಜಗೋಳಿಗೆ ಹೋಗುವ ರಸ್ತೆಯ ಬದಿಯ ಆ ಗೇರುಬೀಜದ ಫ್ಯಾಕ್ಟರಿಗೆ ಮಣಿಪಾಲದ ಮೆಡಿಕಲ್ ಕಾಲೇಜಿನಿಂದ ಮನೋರಮಾ ಬರಲು ಶುರುಮಾಡಿ ಆಗಲೇ ವರ್ಷಗಳಾಗಿದ್ದವು. ಹುರಿದ ಬೀಜದ ಸಿಪ್ಪೆಯಿಂದ ಒಸರುವ ಎಣ್ಣೆ ಬೆಂಕಿಯಂಥದ್ದು. ಒಡೆಯುವ ಹೆಂಗಸರ ಬೆರಳುಗಳನ್ನು ಅದು ದಿನವೂ ಸುಡುತ್ತಿತ್ತು. ಬೂದಿ ಬಳಿದುಕೊಂಡರೂ ಅಷ್ಟಕ್ಕಷ್ಟೇ. ಹುರಿಯುವ ಹೊಗೆಯಂತೂ ಷೆಡ್ಡಿನೊಳಗೇ ಸುತ್ತುತ್ತಿತ್ತು. ಈ ವಿಷ ಒಳಗೆ ಎಷ್ಟು ಇಳಿಯುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂದು ಸರಿಯಾಗಿ ನೋಡಿದವರು ಯಾರೂ ಇರಲಿಲ್ಲ. ನೋಡಲು ಸರ್ಕಾರದ ಅನುದಾನ ಬೇಕು. ವಿಕಿರಣ ಮತ್ತು ವಿಷ ರಾಸಾಯನಿಕಗಳಿಂದ ಕಾರ್ಮಿಕರಿಗಾಗುವ ಹಾನಿಯ ಅಧ್ಯಯನಕ್ಕೆಂದು ದೆಹಲಿಯ ಮಂಡಳಿಯೊಂದು ಅನುದಾನ ಕೊಡುತ್ತಿತ್ತು. ಆದರೆ ಅಲ್ಲಿ ವಿಕಿರಣ ಎಂದರೆ ಕಿವಿ ನೆಟ್ಟಗಾಗುತ್ತಿತ್ತು; ಗೇರುಬೀಜ ಎಂದರೆ ಬರ್ಫಿಯ ನೆನಪಾಗುತ್ತಿತ್ತು. ಎರಡು ಸಲ ಅರ್ಜಿ ವಾಪಸಾಗಿತ್ತು. ಮೂರನೆಯ ಸಲ, ಒಬ್ಬ ತಜ್ಞರನ್ನು ಕಳಿಸಿ ನೋಡೋಣ ಎಂದಿದ್ದರು. "ಇದೊಂದು ಸಲ ಆಗದಿದ್ದರೆ ಈ ಬೀಜದ ಹುಚ್ಚು ಬಿಟ್ಟುಬಿಡಬೇಕು, ಆಯ್ತಾ?" ಎಂದು ವಿಭಾಗದ ಮುಖ್ಯಸ್ಥರು ನಗುತ್ತಲೇ ಹೇಳಿದ್ದರು. ನಗುತ್ತ ಹೇಳಿದರೂ ಅದು ಆಜ್ಞೆಯೇ.

ಮನೋರಮಾ ಮೇಸ್ತ್ರಿ ಸೆಲೀನಳನ್ನು ಗೋಡೆಯ ಮರೆಗೆ ಕರೆದಳು. ಒಡೆಯುವ ಹೆಂಗಸರೆಲ್ಲ ಸೆಲೀನಳ ಕೈಕೆಳಗಿನವರು. ಅವಳ ಮಾತೆಂದರೆ ಅಲ್ಲಿ ಇಗರ್ಜಿಯ ಗಂಟೆಯಷ್ಟೇ ಖಚಿತ.

"ಸೆಲೀನ್ ಬಾಯಿ, ಇದು ಎಂತ? ಅಂಗೈಯೆಲ್ಲ ಒಡೆದಿತ್ತಲ್ಲ, ಆ ಪ್ರೆಸಿಲ್ಲಾ ಎಲ್ಲಿ? ಕೈ ಹುಣ್ಣಾದವರು ಒಬ್ಬರೂ ಕಾಣುವುದಿಲ್ಲವಲ್ಲ!"

ಸೆಲೀನಳ ಮುಖ ಹಿಗ್ಗಿತು. "ನೀವು ಹೇಳುವುದು ಬೇಕಾ ಡಾಕ್ಟ್ರಮ್ಮ? ಡೆಲ್ಲಿಯಿಂದ ದೊಡ್ಡವರು ಬರುವಾಗ ನಮಗೂ ಒಂದು ಮರ್ಯಾದೆ ಉಂಟಲ್ವಾ? ಎಲ್ಲರಿಗೂ ಒಡೆಯುವ ಕೆಲಸ ಬಿಡಿಸಿ ಬೇರೆ ಕಡೆ ಕೂರಿಸಿದೆ. ದಿನಾ ಎಣ್ಣೆ ತಿಕ್ಕಿಸಿದೆ. ತೀರಾ ಹಾಳಾದವರಿಗೆ ಮನೆಯಲ್ಲೇ ಇರಿ ಅಂತ ಹೇಳಿದೆ. ಅಂಥ ಕೈಯನ್ನು ಅತಿಥಿಗಳಿಗೆ ತೋರಿಸುವುದುಂಟಾ?"

ಮನೋರಮಾಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ತಪ್ಪು ತನ್ನದೂ ಹೌದು. ದೊಡ್ಡವರು ಬರುತ್ತಾರೆ, ಎಲ್ಲರೂ ಇರಬೇಕು ಎಂದಷ್ಟೇ ಹೇಳಿದ್ದಳು. ಈ ಊರಿನಲ್ಲಿ ಹಾಗೆಂದರೆ ಅಂಗಳ ಗುಡಿಸಿ ರಂಗೋಲಿ ಹಾಕುತ್ತಾರೆಯೇ ಹೊರತು ಹರಿದ ಚಾಪೆಯನ್ನು ತಂದು ಹಾಸುವುದಿಲ್ಲ. ಅಲೆವೂರಿನಲ್ಲಿ ಹುಟ್ಟಿ ಬೆಳೆದ ತನಗೆ ಅಷ್ಟೂ ಹೊಳೆಯಬಾರದೇ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮಾಥುರರಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಿದಳು. ಅವರು ಕೆಟ್ಟವರಲ್ಲ, ಸಾವಧಾನವಾಗಿ ಕೇಳಿದರು. "ಇರಬಹುದು ಡಾಕ್ಟರ್. ಆದರೆ ಕೆಲವು ದಿನ ಕೆಲಸ ಬಿಟ್ಟರೆ ವಾಸಿಯಾಗುವ ಸುಟ್ಟಗಾಯಕ್ಕೆ ಸರ್ಕಾರ ಅಧ್ಯಯನ ಮಾಡಿಸಬೇಕೇ? ಕೈಗವಸು ಕೊಟ್ಟರೆ ಮುಗಿಯಿತು," ಎಂದರು. ಮಾಲೀಕ ದೇವದಾಸ ಶೆಟ್ಟರು ಪಕ್ಕದಲ್ಲೇ ಇದ್ದರು. "ಅದೇ ನಾನೂ ಹೇಳುವುದು ಸಾರ್," ಎಂದು ತಲೆಯಾಡಿಸಿ, ಊಟಕ್ಕೆ ಏಳಿಸಿದರು. ಅವರ ನಡಿಗೆ ಹಗುರಾಗಿತ್ತು.

ಊಟದ ಏರ್ಪಾಡೂ ಸೆಲೀನಳದ್ದೇ. ಬೀಜ ಒಣಗಿಸುವ ಅಂಗಳದಲ್ಲಿ ಚಪ್ಪರ ಹಾಕಿ, ಅತಿಥಿಗಳಿಗೆ ಮೇಜು, ಹೆಂಗಸರಿಗೆ ನೆಲದ ಮೇಲೆ ಸಾಲು. ಎಲ್ಲರಿಗೂ ಬಾಳೆಲೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಮಾಥುರರಿಗೆಂದು ಬೇರೆ ಸಾಂಬಾರು, ಲಿಂಬೆ ಉಪ್ಪಿನಕಾಯಿ, ಕೊನೆಗೆ ಗೋಡಂಬಿ ಹಾಕಿದ ಪಾಯಸ. ಮನೋರಮಾ ಒಂದು ತುತ್ತು ಕಲಸಿದವಳು ಅಲ್ಲಿಗೇ ಬಿಟ್ಟಳು. ಸುಮ್ಮನೆ ಹೆಂಗಸರ ಸಾಲಿನತ್ತ ನೋಡುತ್ತ ಕೂತಳು.

ಅವರು ಊಟಕ್ಕೆ ಶುರುಮಾಡಿದ್ದರು. ಪ್ರತಿಯೊಬ್ಬಳೂ ಸೊಂಟದಿಂದ ಒಂದು ಹಲಸಿನ ಎಲೆ ತೆಗೆದು, ಮಡಚಿ, ಕಡ್ಡಿ ಚುಚ್ಚಿ ಚಮಚ ಮಾಡಿಕೊಂಡು ಉಣ್ಣುತ್ತಿದ್ದಳು. ಇದೇನು ಹೊಸದಲ್ಲ, ಮಧ್ಯಾಹ್ನದ ಗಂಜಿಯನ್ನು ಅವರು ಹಾಗೆಯೇ ಉಣ್ಣುವುದನ್ನು ಮನೋರಮಾ ಎಷ್ಟೋ ಸಲ ಕಂಡಿದ್ದಳು. ಗಂಜಿಗೆ ಹಲಸಿನ ಎಲೆ ಈ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಉಂಟು. ಆದರೆ ಇದು ಗಂಜಿಯಲ್ಲ. ಬಂಗುಡೆ ಸಾರಿನ ಅನ್ನವನ್ನು ಕೈಯಲ್ಲಿ ಕಲಸದೆ ಎಲೆಯ ಚಮಚದಲ್ಲಿ ತಿನ್ನುವವರನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ.

ಉಣ್ಣುವಾಗ ಎಲೆಯ ಮುಂದಿನಿಂದ ಏಳಬಾರದೆಂದು ಅವಳಿಗೆ ಚಿಕ್ಕಂದಿನಿಂದ ಬೈದು ಕಲಿಸಿದ್ದರು. ಅವಳು ಎಂಜಲು ಕೈಯಲ್ಲೇ ಎದ್ದಳು. "ಸರ್, ದಯವಿಟ್ಟು ಇಲ್ಲಿ ಬನ್ನಿ," ಎಂದಳು. ದೇವದಾಸ ಶೆಟ್ಟರು ಹಪ್ಪಳ ಮುರಿಯುವುದನ್ನು ನಿಲ್ಲಿಸಿದರು.

ಸಾಲಿನ ತುದಿಯಲ್ಲಿ ಸೆಲೀನ್ ಕೂತಿದ್ದಳು. ಅವಳ ಮುಂದೆಯೂ ಹಲಸಿನ ಎಲೆ.

"ಸೆಲೀನ್ ಬಾಯಿ, ನೀವು ಬೀಜ ಒಡೆಯುವುದು ಬಿಟ್ಟು ಎಷ್ಟು ಸಮಯ ಆಯ್ತು?"

"ಮೇಸ್ತ್ರಿ ಆದ ಮೇಲೆ ಮುಟ್ಟಲಿಲ್ಲ. ಸಣ್ಣ ಮಗಳು ಹೊಟ್ಟೆಯಲ್ಲಿದ್ದಳು ಆಗ. ಈಗ ಅವಳು ಹೈಸ್ಕೂಲು."

"ಮತ್ತೆ ಕೈಯಲ್ಲಿ ಯಾಕೆ ಉಣ್ಣುವುದಿಲ್ಲ?"

ಸೆಲೀನ್ ಸುತ್ತ ನೋಡಿದಳು. ಯಾರೂ ಕೇಳದ ಪ್ರಶ್ನೆ ಅದು. "ಹುಳಿ ಖಾರ ತಾಗಿದರೆ ಉರಿಯುತ್ತದೆ ಡಾಕ್ಟ್ರಮ್ಮ. ನಮಗೆಲ್ಲ ಹಾಗೆಯೇ. ದೊಡ್ಡ ಮಗಳ ಮದುವೆಯಲ್ಲಿಯೂ ನಾನು ಎಲೆ ಹಿಡಿದೇ ಉಂಡದ್ದು. ಬೀಗರು ಎಂತ ಗ್ರಹಿಸಿದರೋ ದೇವರಿಗೇ ಗೊತ್ತು."

ಮನೋರಮಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಮಾಥುರರ ಹುಬ್ಬು ಗಂಟಾಯಿತು. "ಹೊರಗೆ ವಾಸಿಯಾಗಿದೆ, ಅಲ್ಲವೇ? ಇಷ್ಟು ವರ್ಷಗಳ ಮೇಲೂ ಉರಿಯುತ್ತದೆಯೇ?" ಎಂದು ಎರಡು ಸಲ ಕೇಳಿದರು. ಅವರಿಗೆ ನಂಬಿಕೆಯಾಗಲಿಲ್ಲವೆಂದು ಸೆಲೀನಳಿಗೆ ಭಾಷೆ ಗೊತ್ತಿಲ್ಲದೆಯೂ ಅರ್ಥವಾಯಿತು. ಸುಳ್ಳು ಹೇಳಿದವಳೆಂದು ಅನ್ನಿಸಿಕೊಳ್ಳುವ ಜಾಯಮಾನವಲ್ಲ ಅವಳದ್ದು. ಎಲೆಯ ಚಮಚವನ್ನು ಪಕ್ಕಕ್ಕಿಟ್ಟು, ಬಲಗೈಯನ್ನು ಸಾರಿನ ಅನ್ನಕ್ಕೆ ಹಾಕಿ ಕಲಸಿ, ಒಂದು ತುತ್ತು ಬಾಯಿಗಿಟ್ಟಳು. ಇನ್ನೊಂದು ತುತ್ತು ಎತ್ತುವಷ್ಟರಲ್ಲಿ ಬೆರಳುಗಳು ಕೆಂಪಗಾಗತೊಡಗಿದವು. ಕಣ್ಣಿಂದ ನೀರು ದಳದಳ ಇಳಿಯಿತು. ಆದರೂ ಮೂರನೆಯ ತುತ್ತಿಗೆ ಕೈಹಾಕಿದಳು.

"ಸಾಕು! ನಿಲ್ಲಿಸಲು ಹೇಳಿ ಅವರಿಗೆ!" ಎಂದು ಮಾಥುರ್ ಕೂಗಿ, ಮೇಜಿನಿಂದ ಹೂಜಿ ತಂದು, ಪ್ಯಾಂಟು ಮಣ್ಣಾಗುವುದನ್ನೂ ನೋಡದೆ ಮಂಡಿಯೂರಿ ಅವಳ ಕೈಗೆ ನೀರು ಹೊಯ್ದರು. ಸುಮಾರು ಹೊತ್ತು ಹೊಯ್ಯುತ್ತಲೇ ಇದ್ದರು. ಆಮೇಲೆ ತಲೆಯೆತ್ತಿ, "ಮನೆಯಲ್ಲಿರಿಸಿದವರನ್ನೂ ಕರೆಸಿ. ನಾನು ಸಂಜೆಯ ಬಸ್ಸಿಗೆ ಹೋಗುವುದಿಲ್ಲ," ಎಂದರು. ಮನೋರಮಾಳಿಗೆ ಆ ಚಪ್ಪರವೇ ಎದ್ದು ಹಾರಿದಷ್ಟು ಸಂತೋಷವಾಯಿತು. ಸೆಲೀನಳ ಕಣ್ಣೀರು ಎದುರಿಗಿರುವಾಗ ಸಂತೋಷ ಪಡುವುದೇ ಎಂದು ನಾಚಿಕೆಯೂ ಆಯಿತು. ಆದರೆ ಸಂತೋಷ ನಿಲ್ಲಲಿಲ್ಲ.

ಬೇಸಿಗೆ ರಜೆಗೆ ಮೊದಲೇ ಅನುದಾನ ಮಂಜೂರಾಗಿದೆಯೆಂದು ದೆಹಲಿಯಿಂದ ಟ್ರಂಕ್ ಕಾಲ್ ಬಂತು. ಮುಖ್ಯಸ್ಥರು ಫೋನಿಟ್ಟು, ತಾನು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದೆ ಎಂಬ ಮುಖ ಮಾಡಿ, ಉಡುಪಿಯಿಂದ ಜಿಲೇಬಿ ತರಿಸಿ ವಿಭಾಗಕ್ಕೆಲ್ಲ ಹಂಚಿಸಿದರು. ಮನೋರಮಾ ಎರಡು ತಿಂದಳು. ಐದು ವರ್ಷದ ಅಧ್ಯಯನ, ಕೈಗಳಿಗೂ ಶ್ವಾಸಕೋಶಗಳಿಗೂ. ಕಾರ್ಕಳದಲ್ಲಿ ಒಂದು ತಪಾಸಣೆ ಕೋಣೆ. ಹೊಗೆ ಹೊರಹೋಗುವ ಚಿಮಣಿ ಕಟ್ಟಿಸಲು ಮಾಲೀಕರಿಗೆ ಮಂಡಳಿಯ ತಾಕೀತು. ದೇವದಾಸ ಶೆಟ್ಟರು ಗೊಣಗುತ್ತಲೇ ಇಟ್ಟಿಗೆ ತರಿಸಿದರು.

ತಪಾಸಣೆಯ ಮೊದಲ ದಿನ ಬೆಳಿಗ್ಗೆ ಮನೋರಮಾ ಬಸ್ಸಿಳಿದು ಬರುವಾಗ, ಬಾಡಿಗೆ ಕೋಣೆಯ ಮುಂದೆ ಜಗಲಿ ತುಂಬಿ ಜನ ರಸ್ತೆಗೂ ಇಳಿದಿದ್ದರು. ಈ ಫ್ಯಾಕ್ಟರಿಯವರು ಮಾತ್ರವಲ್ಲ. ಕರೆಯದೆಯೇ ಕಾಪುವಿನ ಫ್ಯಾಕ್ಟರಿಯಿಂದಲೂ ಬಂದಿದ್ದರು. ಗಲಾಟೆಯೋ ಗಲಾಟೆ.

"ನನ್ನ ಕೈ ಮೊದಲು ನೋಡಲಿ, ನನಗೆ ಹನ್ನೊಂದರ ಬಸ್ಸುಂಟು!"

"ನಿನ್ನದು ಎಂತ ಮಹಾ ಮಾರಾಯ್ತಿ? ನನ್ನದು ನೋಡು, ಉಗುರೇ ಇಲ್ಲ!"

ಕಾಪುವಿನವರು ಸೆರಗು ಸಿಕ್ಕಿಸಿ, ಎರಡೂ ಕೈ ಮುಂದೆ ಚಾಚಿ ನುಗ್ಗುತ್ತಿದ್ದರು. ಮನೋರಮಾ ಬಾಗಿಲಿಗೆ ತಲುಪುವುದೇ ಕಷ್ಟವಾಯಿತು.

ಸೆಲೀನ್ ಮೆಟ್ಟಿಲ ಮೇಲೆ ಹತ್ತಿ ನಿಂತಳು. "ಸಾಲು ಮಾಡಿ! ಎಲ್ಲರನ್ನೂ ನೋಡುತ್ತಾರೆ!" ಎಂದು ಬಲಗೈಯನ್ನು ಎಲ್ಲರ ತಲೆಯ ಮೇಲಕ್ಕೆ ಎತ್ತಿದಳು. ಬೆಳಗಿನ ಬಿಸಿಲು ನೇರ ಅಂಗೈಗೆ ಬಿತ್ತು. ಕೆಂಪಗೆ, ತೆಳ್ಳಗೆ, ರೇಖೆಗಳೇ ಅಳಿಸಿಹೋದ ಅಂಗೈ. ಗದ್ದಲ ತಾನಾಗಿ ಇಳಿಯಿತು.

"ಪ್ರೆಸಿಲ್ಲಾ, ನೀನು ಮೊದಲು ಹೋಗು," ಎಂದಳು ಸೆಲೀನ್. ಕೈಯನ್ನು ಮಾತ್ರ ಹಾಗೆಯೇ ಎತ್ತಿ ಹಿಡಿದಿದ್ದಳು.